ನಾಲ್ಕು ಗಂಟು ಉಳಿದ ದಾರ

ಪಿಟೀಲಿನ ಪೆಟ್ಟಿಗೆ ತೆಗೆದ ಕೂಡಲೇ ರಾಳದ ವಾಸನೆ ಮುಖಕ್ಕೆ ಬಂತು. ಬಿಲ್ಲಿನ ಕೂದಲಿಗೆ ತಿಕ್ಕುತ್ತಾರಲ್ಲ, ಜೇನಿನ ಬಣ್ಣದ ಆ ಬಿಲ್ಲೆ, ಅದು ಒಡೆದು ಎರಡು ಹೋಳಾಗಿತ್ತು. ವಾಸನೆ ಮಾತ್ರ ಹಾಗೇ ಇತ್ತು. ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ, ಅಟ್ಟದ ಮೇಲಿನ ನಿನ್ನ ಸಾಮಾನು ನೀನೇ ಬಂದು ನೋಡಿಕೋ ಎಂದು ಅವ್ವ ನಾಲ್ಕು ಸಲ ಫೋನು ಮಾಡಿದ ಮೇಲೆ ರಾಂಪುರದಿಂದ ಚಳ್ಳಕೆರೆಗೆ ಬಂದಿದ್ದೆ. ಪಿಟೀಲಿನ ತಂತಿಗಳು ಯಾವಾಗಲೋ ತುಂಡಾಗಿದ್ದವು. ಕೆಳಗೆ ಹಾಸಿದ್ದ ಹಸಿರು ಬಟ್ಟೆಯನ್ನು ಎತ್ತಿದರೆ ಮೊಳದುದ್ದದ ಒಂದು ರೇಷ್ಮೆ ದಾರ. ಮೈತುಂಬ ಗಂಟು. ಹದಿನಾರು. ನಾನು ಎಣಿಸಲಿಲ್ಲ, ಎಣಿಸುವ ಅಗತ್ಯವೂ ಇರಲಿಲ್ಲ.

"ಅದ್ಯಾವ್ದೇ ದಾರ, ಕೊಡಿಲ್ಲಿ, ಕಸಕ್ಕೆ ಹಾಕ್ತೀನಿ" ಎಂದು ಅವ್ವ ಕೆಳಗಿನಿಂದ ಕೈ ಚಾಚಿದಳು.

"ಮುಟ್ಟಬ್ಯಾಡ ಅದನ್ನ!" ಎಂದು ಗದರಿಬಿಟ್ಟೆ.

"ಅಯ್ಯ, ಒಂದು ದಾರಕ್ಕೆ ಇಷ್ಟು ಸಿಟ್ಟಾ ನಮ್ಮವ್ವಾ!" ಎಂದು ಗೊಣಗುತ್ತ ಅವಳು ಒಳಗೆ ಹೋದಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಅವಳಿಗೇನು ಹೊಸದಲ್ಲ. ಆದರೆ ಸಿಟ್ಟು ಬರಬೇಕಾಗಿದ್ದ ದಿನ ಬಂದಿರಲಿಲ್ಲ. ಆವತ್ತು ಬಂದಿದ್ದರೆ ಈ ದಾರ ಇವತ್ತು ನನ್ನ ಹತ್ತಿರ ಇರುತ್ತಿರಲಿಲ್ಲ.

ಅವರನ್ನು ನಾವು ಮಿಸ್ ಎನ್ನುತ್ತಿದ್ದೆವು. ಊರವರು ಪಿಟೀಲಮ್ಮ ಎನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ನಾನಾಗ ಪಿಯುಸಿ ಮೊದಲ ವರ್ಷ. ಪೇಟೆ ಬೀದಿಯಲ್ಲಿ ಕಡಲೆಕಾಯಿ ವ್ಯಾಪಾರದ ಅಂಗಡಿಯೊಂದರ ಮಹಡಿಯಲ್ಲಿ ಸಂಗೀತದ ತರಗತಿ ನಡೆಯುತ್ತಿತ್ತು. ಕೆಳಗೆ ಮೂಟೆ ಇಳಿಸುವವರ ಕೂಗು, ಮೇಲೆ ನಮ್ಮ ಕಿರಿಕಿರಿ. ತರಗತಿ ನಡೆಸುತ್ತಿದ್ದ ಸಂಘಕ್ಕೆ ನನ್ನ ಅಪ್ಪಾಜಿಯೇ ಅಧ್ಯಕ್ಷರು. ಎಣ್ಣೆ ಮಿಲ್ಲಿನ ಯಜಮಾನರು, ಮನುಷ್ಯ ಒಳ್ಳೆಯವರೇ. ಸಂಗೀತವೆಂದರೆ ಅವರ ಪಾಲಿಗೆ ಮೈಕು, ಹಾರ, ಶಾಲು, ವಂದನಾರ್ಪಣೆ. ನಡುವೆ ಯಾರಾದರೂ ಹಾಡಿದರೆ ಬೇಡ ಅನ್ನುತ್ತಿರಲಿಲ್ಲ.

ನನಗೆ ಪಿಟೀಲು ಸುತರಾಂ ಬರುತ್ತಿರಲಿಲ್ಲ. ನಾನು ಅಭ್ಯಾಸಕ್ಕೆ ಕೂತರೆ ಮನೆಯ ಬೆಕ್ಕು ಹಿತ್ತಿಲು ಹಾರಿ ಹೋಗುತ್ತಿತ್ತು ಎಂದು ತಮ್ಮ ಇವತ್ತಿಗೂ ಬೀಗರ ಮುಂದೆ ಹೇಳಿ ಮಾನ ಕಳೆಯುತ್ತಾನೆ. ಗಂಟಲು ಮಾತ್ರ ಚೆನ್ನಾಗಿತ್ತು. ಎರಡು ವರ್ಷ ನನ್ನ ಜೊತೆ ಹೆಣಗಿ ಸೋತ ಮಿಸ್ ಒಂದು ದಿನ ಪಿಟೀಲನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ತಂಬೂರಿ ಕೊಟ್ಟು, "ನೀನು ಇದನ್ನ ಹಿಡ್ಕೊಂಡು ಕೂತ್ಕೊಳವ್ವ, ಎಲ್ರಿಗೂ ಉಪಕಾರ ಆಗ್ತೈತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಿಜ ಹೇಳಬೇಕೆಂದರೆ ನನಗೂ ಜೀವ ಹೋಗಿ ಬಂದ ಹಾಗಾಗಿತ್ತು.

ಮಿಸ್ ಮೊಳಕಾಲ್ಮುರಿನವರು. ರೇಷ್ಮೆ ಸೀರೆ ನೇಯುವ ಮನೆ, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ತಾಯಿ ಇರಲಿಲ್ಲ, ಒಬ್ಬಳೇ ಮಗಳು. ಮಗ್ಗದಲ್ಲಿ ಕೂರು ಇಲ್ಲವೇ ಮದುವೆಯಾಗು ಎಂದು ಅಪ್ಪ ಹೇಳಿದಾಗ ಎರಡನ್ನೂ ಬಿಟ್ಟು ಪಿಟೀಲು ಕಲಿಯಲು ಮೈಸೂರಿಗೆ ಹೋಗಿದ್ದರು. ಹೋದ ದಿನದಿಂದ ಅಪ್ಪ ಮಾತು ಬಿಟ್ಟಿದ್ದರು. ಓದು ಮುಗಿಸಿ ಚಳ್ಳಕೆರೆಗೆ ಬಂದು ಕೋಣೆ ಬಾಡಿಗೆ ಹಿಡಿದರು. ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಹಬ್ಬಕ್ಕೆ ಹೋಗಿ ಬರುತ್ತಿದ್ದರು, ಅಡಿಗೆ ಮಾಡಿ ಬಡಿಸುತ್ತಿದ್ದರು, ಅಪ್ಪ ಉಣ್ಣುತ್ತಿದ್ದರು. ಮಾತಿಲ್ಲ.

ಇದನ್ನೆಲ್ಲ ಅವರು ನಮಗೆ ಒಮ್ಮೆಗೇ ಹೇಳಿದವರಲ್ಲ. ತಂತಿ ಕಟ್ಟುತ್ತ, ರಾಳ ತಿಕ್ಕುತ್ತ, ಚೂರು ಚೂರಾಗಿ... ಹೇಳಿ ಮುಗಿಸಿದ ಮೇಲೆ "ಹೂಂ, ಬಾರಿಸ್ರಿ" ಎನ್ನುತ್ತಿದ್ದರು.

ಆ ವರ್ಷ ದಸರಾ ರಜೆ ಕಳೆದು ಬಂದ ಮಿಸ್ ಬೇರೆಯೇ ಥರ ಇದ್ದರು. ಅಪ್ಪನ ಎಡಗಿವಿ ಹೋಗಿತ್ತಂತೆ, ಬಲಗಿವಿಯೂ ಬೇಸಿಗೆ ದಾಟುವುದು ಕಷ್ಟ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರಂತೆ. "ಮಗ್ಗದ ಸದ್ದು ದಿನಾ ಒಂದೊಂದು ಮನೆ ದೂರ ಹೋಗ್ತೈತೆ" ಎಂದು ಅವರಪ್ಪ ಗೋಡೆಗೆ ಹೇಳುವ ಹಾಗೆ ಹೇಳಿದರಂತೆ. ಎಷ್ಟೋ ವರ್ಷದ ಮೇಲೆ ಮಗಳ ಕಿವಿಗೆ ಬಿದ್ದ ಮಾತು ಅದೊಂದೇ.

ಮಿಸ್ ಆವತ್ತು ನಮ್ಮ ಏಳು ಜನರನ್ನು ಅರ್ಧ ಚಂದ್ರಾಕಾರಕ್ಕೆ ಕೂರಿಸಿಕೊಂಡು ಫೋನಿನಲ್ಲಿ ಏನೋ ಕೇಳಿಸಿದರು. ಪರದೇಶದ ಹುಡುಗರು ಯಾವುದೋ ಕಾಲೇಜಿನಲ್ಲಿ ಪಿಟೀಲು ನುಡಿಸುತ್ತಿದ್ದರು. ನಾಲ್ಕಾರು ಸ್ವರಗಳ ಒಂದು ತುಣುಕು. ಅದೇ. ಮತ್ತೆ ಅದೇ. ಮತ್ತೂ ಅದೇ. ಐದು ನಿಮಿಷವಾದರೂ ಅಷ್ಟೇ.

"ಮಿಸ್, ಫೋನು ಸಿಕ್ಕಾಕ್ಕೊಂಡಂಗೈತೆ" ಎಂದ ನಮ್ಮಲ್ಲೇ ಒಬ್ಬ.

ಮಿಸ್ ನಕ್ಕರು. ಇದು ಈ ಕಾಲದ ಸಂಗೀತ, ಇದರಲ್ಲಿ ಆಲಾಪನೆ ಇಲ್ಲ, ಏರಿ ಇಳಿಯುವ ಕಥೆಯೂ ಇಲ್ಲ, ಬಹಳ ಹೊತ್ತಿಗೊಮ್ಮೆ ಒಂದೇ ಒಂದು ಎಳೆ ಬದಲಾಗುತ್ತದೆ, ಆ ಬದಲಾವಣೆಯನ್ನು ಕೇಳುವುದೇ ಇದರ ಸುಖ ಎಂದು ವಿವರಿಸಿದರು. ಮೈಸೂರಿನಲ್ಲಿ ಮೊದಲ ಸಲ ಕೇಳಿದಾಗ ಜೊತೆಯವರೆಲ್ಲ ಇದೇನು ಬೆರಳಿನ ಕಸರತ್ತು ಎಂದು ಎದ್ದು ಹೋದರಂತೆ. ಇವರೊಬ್ಬರೇ ಕೂತು ಅತ್ತರಂತೆ. "ಯಾಕಂದ್ರೆ ನಾನು ಹುಟ್ಟಿದಾಗಿಂದ ಕೇಳಿದ್ದು ಅದೇ ಕಣ್ರೋ. ನಮ್ಮಪ್ಪನ ಮಗ್ಗ. ದಿನವೆಲ್ಲ ಒಂದೇ ಸದ್ದು. ಬ್ಯಾಸ್ರ ಆತು ಅಂತ ಎದ್ದೋದವ್ನಿಗೆ ಸೆರಗು ಕಾಣಲ್ಲ."

ಸೀರೆಯ ಸೆರಗನ್ನು ಅವರಪ್ಪ ಕೊನೆಗೆ ನೇಯುತ್ತಿದ್ದರಂತೆ. ಮೈಯೆಲ್ಲ ನೇಯ್ದು, ಬೆನ್ನು ಬಿದ್ದುಹೋಗುವ ಹೊತ್ತಿಗೆ ಸೆರಗು. ಮಗಳು ಚಿಕ್ಕವಳಿದ್ದಾಗ ಸೆರಗು ಬಂದ ದಿನ ಕೂಗಿ ಕರೆದು ತೋರಿಸುತ್ತಿದ್ದರಂತೆ.

ಮಿಸ್ ಆ ಮಗ್ಗದ ಸದ್ದಿನಿಂದ ಹದಿನಾರು ಸ್ವರಗಳ ಒಂದು ತುಣುಕು ಕಟ್ಟಿದ್ದರು. ಆರು ಪಿಟೀಲು, ಮೂರು ಎಡಕ್ಕೆ, ಮೂರು ಬಲಕ್ಕೆ. ಎಲ್ಲರೂ ಒಟ್ಟಿಗೆ ಶುರು. ಎಡದವರು ಕೊನೆಯ ತನಕ ಅದನ್ನೇ ನುಡಿಸುತ್ತಿರಬೇಕು. ಬಲದವರು ಒಂದೂವರೆ ನಿಮಿಷಕ್ಕೊಮ್ಮೆ ಒಂದು ಸ್ವರ ಹಿಂದೆ ಸರಿಯಬೇಕು. ಹೀಗೆ ಸರಿದು ಸರಿದು, ಎರಡು ಕಡೆಯವರೂ ಬೇರೆ ಬೇರೆಯಾಗಿ, ಕಲಸಿಹೋಗಿ, ಹದಿನಾರನೆಯ ಸಲ ಸರಿದಾಗ ಮತ್ತೆ ಒಂದಾಗಬೇಕು. ಯಾವಾಗ ಸರಿಯಬೇಕೆಂದು ಹೇಳುವುದು ನನ್ನ ಕೆಲಸ. ಬಲಗೈಯಲ್ಲಿ ತಂಬೂರಿ ಮೀಟುತ್ತ, ಎಡಗೈಯಲ್ಲಿ ಈ ದಾರ ಹಿಡಿದು, ಒಂದೊಂದು ಗಂಟಿಗೆ ಬಂದಾಗಲೂ ಒಂದು ಉದ್ದನೆಯ 'ಸಾ' ಹಾಡಬೇಕು. ಅಷ್ಟೇ. ಸೀರೆಯ ಹೂವುಗಳನ್ನು ಅವರಪ್ಪ ಹೀಗೇ, ಮಗ್ಗದ ಪಕ್ಕ ಗಂಟಿನ ದಾರ ನೇತುಹಾಕಿಕೊಂಡು ಲೆಕ್ಕ ಇಡುತ್ತಿದ್ದರಂತೆ. ದಾರವೂ ಆ ಮಗ್ಗದ್ದೇ.

ಎಲ್ಲ ಸೇರಿ ಇಪ್ಪತ್ತನಾಲ್ಕು ನಿಮಿಷ.

"ಸಂಘದ ವಾರ್ಷಿಕೋತ್ಸವಕ್ಕೆ ನಮ್ಮಪ್ಪ ಬರ್ತೀನಿ ಅಂತ ಪಕ್ಕದ ಮನೆಯೋರ ಕೈಲಿ ಹೇಳಿ ಕಳ್ಸ್ಯಾರೆ" ಎಂದರು ಮಿಸ್. "ಆ ಕಿವಿ ಮುಚ್ಚೋದ್ರೊಳಗೆ ಇದನ್ನ ಕೇಳಿಸ್ಬೇಕು ಕಣ್ರೋ. ನಾನು ಮಗ್ಗ ಬಿಟ್ಟು ಓಡಿಹೋಗ್ಲಿಲ್ಲ, ಅದನ್ನ ಎತ್ಕೊಂಡೇ ಹೋಗಿದ್ದೆ ಅಂತ ಗೊತ್ತಾಗ್ಬೇಕು. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವ್ರು. ಅರ್ಧ ಕೇಳಿದ್ರೂ ಆಗಲ್ಲ. ಕೊನೆ ತನಕ."

ಮೂರು ತಿಂಗಳು ನುಡಿಸಿದೆವು. ಒಂದು ಸಲವೂ ಕೊನೆ ಮುಟ್ಟುತ್ತಿರಲಿಲ್ಲ. ಒಬ್ಬಳು ಎರಡು ಸ್ವರ ಸರಿಯುತ್ತಿದ್ದಳು, ಒಬ್ಬನಿಗೆ ನಗು ಬರುತ್ತಿತ್ತು, ಇನ್ನೊಬ್ಬನ ಕೈ ಮರಗಟ್ಟುತ್ತಿತ್ತು. ಒಂದೇ ಒಂದು ಸಂಜೆ, ಕರೆಂಟು ಹೋಗಿ ಕೆಳಗಿನ ಅಂಗಡಿಯ ಗದ್ದಲವೆಲ್ಲ ನಿಂತಿದ್ದಾಗ, ಸರಿಯಾಗಿ ಬಂತು. ಹದಿನೈದನೆಯ ಗಂಟಿನ ತನಕ ಸಂತೆಯ ಗದ್ದಲದ ಹಾಗಿದ್ದದ್ದು ಹದಿನಾರನೆಯ 'ಸಾ' ಹಾಡಿದ ಮರುಗಳಿಗೆ ಒಂದೇ ಆಯಿತು. ಆರು ಬಿಲ್ಲುಗಳೂ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ನನ್ನ ಮೈಮೇಲಿನ ಕೂದಲು ನಿಂತಿತ್ತು. ಮಿಸ್ ಮೂಗು ಒರೆಸಿಕೊಂಡು, ಕೆಳಗಿಳಿದು ಹೋಗಿ, ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು. ಖಾರಕ್ಕೇ ಎಂದುಕೊಂಡೆವು...

ವಾರ್ಷಿಕೋತ್ಸವ ಒಂದು ಭಾನುವಾರ ಬೆಳಗ್ಗೆ, ಸಮುದಾಯ ಭವನದಲ್ಲಿ. ಮಧ್ಯಾಹ್ನ ಹೋಳಿಗೆ ಊಟ. ಭಜನೆಗೂ ಬರದ ಜನ ಹೋಳಿಗೆಗೆ ಬರುತ್ತಾರೆ ಎಂಬುದು ಅಪ್ಪಾಜಿಯ ಸಿದ್ಧಾಂತ, ಅದು ಸುಳ್ಳೂ ಅಲ್ಲ. ಕುರ್ಚಿ ತುಂಬಿತ್ತು. ಮಿಸ್ ಬೆಳಗಿನಿಂದ ಗಳಿಗೆಗೊಮ್ಮೆ ಗೇಟಿಗೆ ಹೋಗಿ ಬರುತ್ತಿದ್ದರು. ಬಸ್ಸು ಕೊಂಡ್ಲಹಳ್ಳಿ ದಾಟಿತು ಎಂದು ಜೊತೆಗೆ ಬರುತ್ತಿದ್ದ ನೆರೆಯವರು ಫೋನು ಮಾಡಿದಾಗ ಅವರು ಸೀರೆಯ ನೆರಿಗೆಯನ್ನು ಎರಡು ಸಲ ಸರಿಮಾಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಜ್ಜ, ಅಂದರೆ ಮಿಸ್ಸಿನ ಅಪ್ಪ, ಬಂದರು. ಸಣ್ಣ ಮನುಷ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಮಿಸ್ ಅವರನ್ನು ಮೂರನೆಯ ಸಾಲಿನಲ್ಲಿ, ಬಲಗಿವಿ ವೇದಿಕೆಯ ಕಡೆಗೆ ಬರುವ ಹಾಗೆ, ಒಂದು ಕುರ್ಚಿಯನ್ನು ಅಡ್ಡ ತಿರುಗಿಸಿ ಕೂರಿಸಿದರು. ಅವರು ಮಗಳ ಮುಖ ನೋಡಲಿಲ್ಲ. ಆದರೆ ಕೂತ ಕೂಡಲೇ ಬಲಗಿವಿಯ ಹಿಂದೆ ಅಂಗೈ ಇಟ್ಟುಕೊಂಡರು.

ಮಕ್ಕಳ ಗೀತೆಗಳೆಲ್ಲ ಮುಗಿದು ನಮ್ಮ ಸರದಿ ಬಂತು. ಮೈಕು ಇದ್ದದ್ದು ನನ್ನ ಮುಂದೆ. ಶುರು ಮಾಡಿದೆವು.

ಮೊದಲ ಎರಡು ಗಂಟು ಜನ ಸುಮ್ಮನಿದ್ದರು. ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದರು ಪಾಪ. ಮೂರನೆಯ ಗಂಟಿಗೆ ಹಿಂದಿನಿಂದ ಒಬ್ಬರು, "ಶ್ರುತಿ ಸರಿಯಾಗೈತೆ ಬಿಡ್ರಮ್ಮ, ಶುರು ಮಾಡ್ರಿ" ಎಂದು ಧೈರ್ಯ ಕೊಟ್ಟರು. ಐದನೆಯದಕ್ಕೆ ಮೈಕಿನವನು ಓಡಿಬಂದು ವೈರು ಅಲ್ಲಾಡಿಸಿ ನೋಡಿದ. ಆರನೆಯದಕ್ಕೆ ಯಾರದೋ ತಾಯಿ, ಮಕ್ಕಳು ಹೆದರಿ ಮುಂದಿನದು ಮರೆತಿವೆ ಎಂದು ತಿಳಿದು, ನೀರಿನ ಲೋಟ ಹಿಡಿದು ವೇದಿಕೆಗೇ ಹತ್ತಿದರು. ಅಷ್ಟರಲ್ಲಿ ಗುಜುಗುಜು ನಗೆಯಾಗಿತ್ತು. "ಪಿಟೀಲು ಕುಯ್ಯೋದು ಅಂತಾರಲ್ಲ, ಇದೇ ನೋಡಲೇ!" ಎಂದು ಯಾರೋ ಒದರಿದಾಗ ಭವನವೆಲ್ಲ ಘೊಳ್ಳೆಂದಿತು. ಆಮೇಲೆ ಚಪ್ಪಾಳೆ. ಸಾಕು ಸಾಕು ಎನ್ನುವ ಚಪ್ಪಾಳೆ, ಒಂದೇ ತಾಳದಲ್ಲಿ.

ನನ್ನ ಪಕ್ಕದ ಹುಡುಗಿ ಅಳುತ್ತ ನುಡಿಸುತ್ತಿದ್ದಳು. ಆದರೂ ನಿಲ್ಲಿಸಿರಲಿಲ್ಲ. ನಾನು ಮಿಸ್ ಕಡೆಗೆ ನೋಡಿದೆ. ಪರದೆಯ ಪಕ್ಕ ನೆಲಕ್ಕೆ ಕೂತಿದ್ದ ಅವರು ಕಣ್ಣು ಮುಚ್ಚಿಕೊಂಡೇ, ಮುಂದೆ ಹೋಗಲಿ, ಹೋಗಲಿ ಎಂದು ಬೆರಳಲ್ಲಿ ಸನ್ನೆ ಮಾಡುತ್ತಿದ್ದರು.

ಆಗ ನಾನು ಅಜ್ಜನನ್ನು ನೋಡಿದೆ. ಅಷ್ಟು ಗದ್ದಲದಲ್ಲೂ ಅವರ ಅಂಗೈ ಕಿವಿಯ ಹಿಂದೆಯೇ ಇತ್ತು. ಮುಖದಲ್ಲೇನೂ ಕಾಣುತ್ತಿರಲಿಲ್ಲ. ಆದರೆ ಕುರ್ಚಿಯ ಕೆಳಗೆ ಅವರ ಕಾಲುಗಳು... ಚಪ್ಪಲಿ ಬಿಟ್ಟ ಎರಡು ಪಾದಗಳು ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು. ಎಡ, ಬಲ, ಎಡ, ಬಲ. ಮಗ್ಗದಲ್ಲಿ ಕೂತವರು ತುಳಿಯುವ ಹಾಗೆ. ಎಡದವರ ಲಯಕ್ಕೆ, ಒಂದು ಕೂದಲೆಳೆ ತಪ್ಪದ ಹಾಗೆ. ಅಷ್ಟು ಜನರಲ್ಲಿ ಅದನ್ನು ಕೇಳುತ್ತಿದ್ದದ್ದು ಆ ಒಂದು ಅರ್ಧ ಕಿವಿ.

ನಾನು ಅದನ್ನು ನೋಡಿದೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಲೇಖನ ಬರೆಯುವುದೇ ಬೇಡ. ಕಣ್ಣಾರೆ ನೋಡಿದೆ.

ಹನ್ನೆರಡನೆಯ ಗಂಟು ಹಾಡಿದ್ದೆ. ಇನ್ನು ನಾಲ್ಕು, ಅಂದರೆ ಆರು ನಿಮಿಷ. ಮುಖ್ಯ ಅತಿಥಿಗಳು ಗಡಿಯಾರ ನೋಡಿ ಎದ್ದರು. ಹಿಂದಿನ ಬಾಗಿಲಿಂದ ಅಡಿಗೆಯವರು ಇಣುಕಿದರು. ಅಪ್ಪಾಜಿ ಬೆವರು ಒರೆಸಿಕೊಳ್ಳುತ್ತ ಪಕ್ಕದ ಮೆಟ್ಟಿಲು ಹತ್ತಿ, ಬಗ್ಗಿ, ನನ್ನ ಕಿವಿಯ ಹತ್ತಿರ ಹೇಳಿದರು: "ಮಂಗಳ ಹಾಡ್ಬಿಡವ್ವ. ಜನ ಬಯ್ಯಾಕೆ ಹತ್ಯಾರೆ. ನಿಮ್ ಮಿಸ್ ಮರ್ಯಾದೆನಾದ್ರೂ ಉಳೀಲಿ."

ಮಂಗಳ ಎಂದರೆ ಗೊತ್ತಲ್ಲ. ಕಚೇರಿಯಾಗಲಿ, ಭಜನೆಯಾಗಲಿ, ಕೊನೆಯಲ್ಲಿ ಹಾಡುವುದು. ನಮ್ಮ ಕಡೆ ಒಂದು ಕಾರ್ಯಕ್ರಮವನ್ನು ಯಾರಿಗೂ ನೋವಾಗದ ಹಾಗೆ ಮುಗಿಸುವ ದಾರಿಯೇ ಅದು. ಮಂಗಳ ಎತ್ತಿದರೆ ಎಲ್ಲರೂ ಎದ್ದು ಕೈ ಮುಗಿಯಲೇಬೇಕು. ಮಂಗಳ ಆದ ಮೇಲೆ ಮತ್ತೆ ಯಾರೂ ಸ್ವರ ಎತ್ತುವಂತಿಲ್ಲ, ಎತ್ತಿದರೆ ಒಳ್ಳೆಯದಲ್ಲ. ಇದು ನಮಗೆ ಅನ್ನ ತಿನ್ನುವುದು ಕಲಿತಷ್ಟೇ ಹಳೆಯ ಪಾಠ. ನನಗೆ ಆ ಗಳಿಗೆಯಲ್ಲಿ ಅದು ಸರಿಯೆಂದೇ ಅನ್ನಿಸಿತು. ಮಿಸ್ಸನ್ನು ಆ ನಗೆಯಿಂದ ಎತ್ತಿಕೊಂಡು ಹೊರಗೆ ತರುತ್ತಿದ್ದೇನೆ ಅನ್ನಿಸಿತು. ಹದಿಮೂರನೆಯ 'ಸಾ' ಹಾಡಬೇಕಾದ ಜಾಗದಲ್ಲಿ ಮಂಗಳ ಹಾಡಿಬಿಟ್ಟೆ.

ಮೊದಲ ಸಾಲು ಮುಗಿಯುವುದರೊಳಗೆ ಆರು ಪಿಟೀಲುಗಳೂ ತಮ್ಮ ತಮ್ಮ ಸ್ವರ ಬಿಟ್ಟು ನನ್ನ ಹಿಂದೆ ಬಂದವು. ಯಾರೂ ಹೇಳಿರಲಿಲ್ಲ, ಕೈಗಳು ತಾವಾಗಿಯೇ ಬಂದವು. ಕುರ್ಚಿಗಳು ಕಿರ್ರೆಂದವು. ಇಡೀ ಭವನ ಎದ್ದು ಕೈ ಮುಗಿದು ನಿಂತಿತು, ಈಗ ತಾನೇ ನಕ್ಕವರೂ ಭಕ್ತಿಯಿಂದ ಕಣ್ಣು ಮುಚ್ಚಿದರು. ಪರದೆಯ ಪಕ್ಕ ಮಿಸ್ ಕೂಡ ಎದ್ದು ನಿಂತಿದ್ದರು. ಕೈ ಮುಗಿದಿದ್ದರು.

ಅಜ್ಜ ಮಾತ್ರ ಕೂತೇ ಇದ್ದರು. ಕಾಲು ನಿಂತಿದ್ದವು. ಪಕ್ಕದವರು ತೋಳು ಹಿಡಿದು ಎಬ್ಬಿಸಲು ನೋಡಿದರೆ ಕೊಸರಿಕೊಂಡು, ವೇದಿಕೆಯತ್ತ ನೋಡುತ್ತ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಕೇಳಿದರು. ಕಿವಿ ಮಂದವಾದವರು ಜೋರಾಗಿಯೇ ಮಾತಾಡುವುದು. "ಕೊಂಗು ಏದಮ್ಮಾ?"

ಸೆರಗೆಲ್ಲಮ್ಮಾ ಎಂದು.

ಅಷ್ಟು ವರ್ಷಗಳಲ್ಲಿ ಅಪ್ಪ ಮಗಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಜನ ಆಗಲೇ ಎಲೆ ಹಿಡಿಯಲು ಹೊರಟಿದ್ದರು.

ಊಟದ ಪಂಕ್ತಿಯಲ್ಲಿ ಅಪ್ಪಾಜಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, "ಮಾನ ಉಳಿಸ್ದೆ ಮಗಳೆ" ಎಂದರು. ಅದನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಕೈ ತೊಳೆಯುವಲ್ಲಿ ಮಿಸ್ ಸಿಕ್ಕಿದರು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾಯುತ್ತಿದ್ದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಮಂಗಳ ಚೆನ್ನಾಗಿ ಹಾಡಿದ್ಯಮ್ಮ, ಶ್ರುತಿ ಬಿಡಲಿಲ್ಲ" ಎಂದು ಹೇಳಿ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಹೋದರು. ಅಯ್ಯೋ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಅದಾದ ಮೇಲೆ ಮಿಸ್ ಮನೆ ಮನೆಗೆ ಬಂದರು. ಒಂದೇ ಒಂದು ಭಾನುವಾರ ಮಕ್ಕಳನ್ನು ಮೊಳಕಾಲ್ಮುರಿಗೆ ಕಳಿಸಿಕೊಡಿ, ನಮ್ಮ ಮನೆಯ ಪಡಸಾಲೆಯಲ್ಲಿ ನುಡಿಸಿ ಸಂಜೆಯೊಳಗೆ ಕರೆತಂದು ಬಿಡುತ್ತೇನೆ ಎಂದು ಎಲ್ಲರನ್ನೂ ಕೇಳಿದರು. ಒಬ್ಬರಿಗೆ ಪರೀಕ್ಷೆ. ಒಬ್ಬರಿಗೆ ನೆಂಟರ ಮದುವೆ. ಆವತ್ತು ನೀರು ಹಿಡಿದು ಬಂದ ತಾಯಿ ಮಾತ್ರ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರಂತೆ: "ಮಂಗಳ ಆಗಿರೋದನ್ನ ಮತ್ತೆ ಯಾಕ್ ಎತ್ತೀರಿ ಮಿಸ್, ಬಿಟ್ಬಿಡ್ರಿ." ಆರೂ ಜನ ಇಲ್ಲದೆ ಅದನ್ನು ನುಡಿಸುವಂತಿಲ್ಲ. ಒಂದು ಕಡೆ ಒಬ್ಬ ಕಡಿಮೆಯಾದರೂ ತೂಕ ಹೋಗುತ್ತದೆ.

ನಮ್ಮ ಮನೆಗೂ ಬಂದರು. ಅಪ್ಪಾಜಿ ಕಾಫಿ ಕೊಡಿಸಿ, ಕೂರಿಸಿ, ಮರ್ಯಾದೆಯಿಂದಲೇ "ಆ ಸಂಗೀತ ಸಾಕು ತಾಯಿ, ಮಕ್ಕಳಿಗೆ ಗೀತೆ ವರ್ಣ ಕಲಿಸ್ರಿ" ಎಂದರು. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಎಷ್ಟೋ ಸಣ್ಣ ಪುಟ್ಟದ್ದಕ್ಕೆ ತಟ್ಟೆ ನೂಕಿ ಹಟ ಮಾಡಿದವಳು, ಆವತ್ತು ಬಾಗಿಲ ಹಿಂದಿನಿಂದ ಈಚೆಗೆ ಬರಲಿಲ್ಲ. ಬಂದು, ನಾನು ಹೋಗ್ತೀನಿ ಅಂದಿದ್ದರೆ... ಗೊತ್ತಿಲ್ಲ. ಉಳಿದವರನ್ನು ಒಪ್ಪಿಸುವುದು ನನ್ನಿಂದ ಆಗುತ್ತಿತ್ತೋ ಇಲ್ಲವೋ. ಆದರೆ ಬರಲಿಲ್ಲ.

ಯುಗಾದಿಯ ಹೊತ್ತಿಗೆ ಅಜ್ಜನ ಬಲಗಿವಿಯೂ ಮುಚ್ಚಿತು. ಮಿಸ್ ಕೋಣೆ ಖಾಲಿ ಮಾಡಿ ಊರಿಗೆ ಹೋದರು. ಸಂಘಕ್ಕೆ ಬೇರೆ ಮೇಷ್ಟ್ರು ಬಂದರು.

ಮದುವೆಯಾಗಿ ರಾಂಪುರಕ್ಕೆ ಬಂದ ಮೇಲೆ ಮೊಳಕಾಲ್ಮುರು ನನಗೆ ಪಕ್ಕದ ಊರಾಯಿತು. ಆದರೂ ಹೋಗಲು ಎರಡು ವರ್ಷ ಹಿಡಿಯಿತು. ಸೀರೆ ನೋಡುವ ನೆಪ ಮಾಡಿಕೊಂಡು ಹೋದೆ. ಬೀದಿಗೆ ಕಾಲಿಟ್ಟರೆ ಮನೆ ಮನೆಯಿಂದ ಮಗ್ಗದ ಸದ್ದು. ಒಂದೊಂದು ಮನೆಯದು ಒಂದೊಂದು ಗತಿ, ಸೇರುತ್ತವೆ ಅನ್ನುವಷ್ಟರಲ್ಲಿ ಬಿಡುತ್ತವೆ.

ಮಿಸ್ ಮಗ್ಗದಲ್ಲಿ ಕೂತಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು. ಪಿಟೀಲು ಗೋಡೆಯ ಮೊಳೆಗೆ ನೇತು ಬಿದ್ದಿತ್ತು. ಅಜ್ಜ ಮಗ್ಗದ ಕಂಬಕ್ಕೆ ಅಂಗೈ ಆನಿಸಿಕೊಂಡು ಗೋಡೆಗೆ ಒರಗಿದ್ದರು. "ದಿನವೆಲ್ಲ ಹಿಂಗೇ, ಕೈಯಿಂದ ಕೇಳ್ತಾರೆ" ಎಂದರು ಮಿಸ್.

ನಾನು ದಾರ ತೆಗೆದು ಅವರ ಮುಂದೆ ಇಟ್ಟೆ. ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ತಪ್ಪಾತು ಮಿಸ್" ಎನ್ನುವಷ್ಟರಲ್ಲಿ ಅಳು ಬಂತು.

"ನೀನೇನ್ ಮಾಡ್ತೀಯ ಬಿಡು, ಕೂಸು ನೀನು" ಎಂದರು. ಮಗ್ಗದ ಲಾಳಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. "ನನಗೆ ನಿನ್ ಮ್ಯಾಲೆ ಸಿಟ್ಟಿಲ್ಲ. ನಾನು ಯಾಕ್ ಎದ್ದು ನಿಂತೆ? ನಂದಿನ್ನೂ ಮುಗಿದಿರ್ಲಿಲ್ಲ. ನಾನು ಕೂತೇ ಇದ್ದಿದ್ರೆ ನೀವು ತಿರುಗಿ ನೋಡ್ತಿದ್ರಿ, ಮತ್ತೆ ಹಿಡೀತಿದ್ರಿ. ಮಂಗಳ ಕೇಳಿದ್ ತಕ್ಷಣ ಕಾಲು ಎದ್ದುಬಿಟ್ವು. ಕೈನೂ ಮುಗಿದ್ವು. ಅದನ್ನ ಯಾರಿಗ್ ಹೇಳ್ಲಿ?"

ಅಜ್ಜ ನನ್ನನ್ನೇ ನೋಡುತ್ತಿದ್ದರು. ಯಾರು ಎಂದು ಕಣ್ಣಲ್ಲಿ ಕೇಳಿದರು. ಮಿಸ್ ಗಾಳಿಯಲ್ಲಿ ತಂಬೂರಿ ಮೀಟಿ ತೋರಿಸಿದರು. ಅಜ್ಜನ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡು, ಬಂದದ್ದು ಒಳ್ಳೆಯದಾಯಿತು ಎನ್ನುವ ಹಾಗೆ ಎರಡು ಸಲ ತಟ್ಟಿ, ಜೋರಾಗಿ ಕೇಳಿದರು. "ಮಿಗಿಲಿಂದಿ ಎಪ್ಪುಡಮ್ಮಾ?"

ಉಳಿದದ್ದು ಯಾವಾಗಮ್ಮಾ? ಕಲ್ಲಿನಂಥ ಕಿವಿ ಇಟ್ಟುಕೊಂಡು ಆ ಮನುಷ್ಯ ಇನ್ನೂ ಕಾಯುತ್ತಿದ್ದರು. ಯಾವ ಉತ್ತರ ಕೊಟ್ಟರೂ ಅವರಿಗೆ ಕೇಳುವಂತಿರಲಿಲ್ಲ. ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ. ಅವರು ಸಮಾಧಾನದಿಂದ ಮತ್ತೆ ಕಂಬಕ್ಕೆ ಅಂಗೈ ಇಟ್ಟರು.

ಹೊರಡುವಾಗ ಮಿಸ್ ದಾರವನ್ನು ನನ್ನ ಕೈಯಲ್ಲೇ ಮಡಚಿ ಇಟ್ಟರು. "ನಾಲ್ಕು ಗಂಟು ನಿನ್ ಹತ್ರ ಅವೆ. ಇಟ್ಕೋ." ಮುಂದಿನ ಸಲ ತವರಿಗೆ ಬಂದಾಗ ಅದನ್ನು ಈ ಪೆಟ್ಟಿಗೆಯಲ್ಲಿ, ಹಸಿರು ಬಟ್ಟೆಯ ಕೆಳಗೆ ಇಟ್ಟಿದ್ದೆ.

ಆಮೇಲೆ ಎಲ್ಲವೂ ಬೇಗ ಆಯಿತು. ಅಜ್ಜ ಹೋದರು. ಎರಡು ವರ್ಷ ಬಿಟ್ಟು ಮಿಸ್ ಕೂಡ ಹೋದರು, ಜ್ವರ ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ನನಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ಹೋಗಿ ನೋಡಿದರೆ ಮನೆಗೆ ಬೀಗ. ಕಿಟಕಿಯಿಂದ ಮಗ್ಗ ಕಾಣುತ್ತಿತ್ತು, ಅದರ ಮೇಲೆ ಹಳೆಯ ಪಂಚೆ ಹೊದಿಸಿದ್ದರು. ನುಡಿಸಿದ ಆರು ಜನ ಈಗ ಆರು ಊರುಗಳಲ್ಲಿದ್ದಾರೆ. ಒಬ್ಬಳಿಗೆ ಫೋನು ಮಾಡಿ, ಆ ಹದಿನಾರು ಸ್ವರ ನೆನಪಿದೆಯಾ ಎಂದು ಕೇಳಿದೆ. ಮಂಗಳ ನೆನಪೈತೆ ಕಣೇ ಎಂದಳು. ಅದನ್ನು ಮಿಸ್ ಎಲ್ಲೂ ಬರೆದಿಟ್ಟಿರಲಿಲ್ಲ. ಮಗ್ಗದ ಸದ್ದನ್ನು ಯಾರಾದರೂ ಬರೆದಿಡುತ್ತಾರಾ ಎನ್ನುತ್ತಿದ್ದರು. ನಾನು ಇವತ್ತಿಗೂ ಯಾವ ಕಚೇರಿಗೆ ಹೋದರೂ ಮಂಗಳಕ್ಕೆ ಮೊದಲೇ ಎದ್ದು ಬಂದುಬಿಡುತ್ತೇನೆ. ಸಂಗೀತ ಗೊತ್ತಿಲ್ಲದವಳು ಎಂದು ಜನ ಅಂದುಕೊಂಡರೆ ಅಂದುಕೊಳ್ಳಲಿ.

ಅಟ್ಟದ ಏಣಿಯ ಮೇಲೆ ಕೂತು ಎಡಗೈಯಲ್ಲಿ ದಾರ ಹಿಡಿದೆ. ಬೆರಳು ತಾನಾಗಿಯೇ ಹನ್ನೆರಡು ಗಂಟು ದಾಟಿ ಹೋಗಿ ನಿಂತಿತು. ಯಾರಿಗೂ ಕೇಳಿಸದು ಎಂದುಕೊಂಡು ಹದಿಮೂರನೆಯ ಗಂಟಿಗೆ 'ಸಾ' ಹಾಡಿದೆ. ಧ್ವನಿ ಒಡೆದಿತ್ತು, ಶ್ರುತಿ ಮಾತ್ರ ಇತ್ತು. ಕಾದೆ. ಹದಿನಾಲ್ಕಕ್ಕೆ ಹಾಡಿದೆ. ಹದಿನೈದಕ್ಕೆ ಹಾಡಿದೆ. ಹದಿನಾರನೆಯದನ್ನು ಹಿಡಿದು, ಉಸಿರು ಇರುವಷ್ಟು ಹೊತ್ತು ಹಾಡಿ ಬಿಟ್ಟೆ. ಬಣ್ಣದವನು ಗೋಡೆ ತಿಕ್ಕುವ ಮರಳುಕಾಗದದ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅಡಿಗೆಮನೆಯಿಂದ ಅವ್ವ ಕೂಗಿದಳು. "ಯಾಕವ್ವಾ ನಿಲ್ಲಿಸ್ಬಿಟ್ಟೆ? ಚೆನ್ನಾಗೈತೆ, ಮುಂದಕ್ಕೆ ಹಾಡು."

"ನಂದು ಇಷ್ಟೇ ಅವ್ವಾ" ಎಂದೆ. "ಮುಂದಿಂದು ನನಗೆ ಬರಲ್ಲ."